ಗಾಳಿಗೆ ಹೊರದಾರಿ ಇದೆಯೇ?



ಬಾವಿಯ ಕೆಸರು ತೆಗೆಸುವ ಕಾಲ ಬಂದಿತು. ಅದು ಮುಗಿಯುವಷ್ಟರಲ್ಲಿ ಅಂಗಳದ ಅಡಿಕೆ ಒಳಸೇರಬೇಕು. ಮಳೆ ಹಿಡಿಯುವ ಮುಂಚೆ ಹಟ್ಟಿಗೆ ಮರೆ ಕಟ್ಟಬೇಕು. ಕೊಬ್ಬರಿಯ ಅಟ್ಟವನ್ನೂ ರಬ್ಬರಿನ ಹೊಗೆಮನೆಯನ್ನೂ ಸರಿಪಡಿಸಬೇಕು. ಇವೆಲ್ಲ ಬೇರೆ ಬೇರೆ ಕೆಲಸಗಳೆಂದು ನಾವು ತಿಳಿದಿದ್ದೇವೆ. ಆದರೆ ಇವುಗಳಲ್ಲಿ ಕೇಡು ಬರುವುದು ಬಹುಮಟ್ಟಿಗೆ ಒಂದೇ ಕಾರಣದಿಂದ. ಒಳಗಿನ ಗಾಳಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ.

ಎರಡು ವರ್ಷಗಳ ಕೆಳಗೆ ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ, ಬಹುಕಾಲ ಹಲಗೆ ಮುಚ್ಚಿಟ್ಟಿದ್ದ ಬಾವಿಯೊಂದನ್ನು ತೆರೆದು ಚೊಕ್ಕಟ ಮಾಡಿಸುವಾಗ ನಾನೂ ಅಲ್ಲಿದ್ದೆ. ಇಳಿಯಬೇಕಾದವರು ಅರುವತ್ತು ದಾಟಿದ ಹಿರಿಯರು. ಅವರು ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಟ್ಟರು. ಅರ್ಧ ಆಳ ದಾಟುತ್ತಲೇ ಬೆಳಕು ಸಣ್ಣದಾಗುತ್ತಾ ಬಂದು ಆರಿಹೋಯಿತು.

“ಎಣ್ಣೆ ಮುಗಿದಿರಬೇಕು ಅಜ್ಜ, ಇಳೀರಿ, ಹೊತ್ತು ಹೋಗ್ತದೆ” ಎಂದರು ಮನೆಯ ಹುಡುಗರು.

ಹಿರಿಯರು ಲಾಟೀನನ್ನು ಮೇಲಕ್ಕೆಳೆದು ಕಿವಿಯ ಹತ್ತಿರ ಅಲುಗಿಸಿ ತೋರಿಸಿದರು. ಎಣ್ಣೆ ಬೇಕಾದಷ್ಟಿತ್ತು. “ದೀಪಕ್ಕೆ ಉಸಿರು ಸಿಗದ ಕಡೆ ನನಗೆ ಎಲ್ಲಿಂದ ಸಿಗ್ತದೆ ಮಾರಾಯ್ರೇ?” ಎಂದು ಹೇಳಿ, ಕಟ್ಟೆಯ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಂಡರು. ಆ ದಿನ ಬಾವಿಗೆ ಯಾರೂ ಇಳಿಯಲಿಲ್ಲ.

ಆ ಹಿರಿಯರು ಒಂದೇ ಮಾತಿನಲ್ಲಿ ಹೇಳಿದುದನ್ನು ತಿಳಿದುಕೊಳ್ಳಲು ಪಂಡಿತರಿಗೆ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಅವರು ಅದನ್ನು ಕಲಿತದ್ದು ಬಹುಪಾಲು ರೋಗಿಗಳ ಹಾಸಿಗೆಯ ಬದಿಯಲ್ಲಿ. ಆಸ್ಪತ್ರೆಯಲ್ಲಿ ಕಲಿತ ಆ ಪಾಠವನ್ನು ಹಟ್ಟಿಗೂ ಅಟ್ಟಕ್ಕೂ ಬಾವಿಗೂ ಹೇಗೆ ತರಬಹುದೆಂಬುದೇ ಈ ಲೇಖನದ ವಿಷಯ.

ಇಂಗ್ಲೆಂಡಿನಲ್ಲಿ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿಯೊಬ್ಬನಿದ್ದನು. ಅವನಿಗೆ ಏನನ್ನು ಕಂಡರೂ ಅಳೆಯುವ ಹುಚ್ಚು. ಕುಂಡದಲ್ಲಿ ಬೆಳೆಸಿದ ಸೂರ್ಯಕಾಂತಿ ಗಿಡವನ್ನು ಹಗಲೂ ರಾತ್ರಿಯೂ ತೂಗಿ, ಎಲೆಗಳ ಮೂಲಕ ದಿನಕ್ಕೆ ಎಷ್ಟು ನೀರು ಆವಿಯಾಗಿ ಹೋಗುತ್ತದೆಂದು ಲೆಕ್ಕ ಹಾಕಿ ೧೭೨೭ರಲ್ಲಿ ಪುಸ್ತಕ ಬರೆದನು. ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿ, ರಕ್ತ ಎಷ್ಟು ಎತ್ತರಕ್ಕೆ ಏರುತ್ತದೆಂದು ನೋಡಿ ೧೭೩೩ರಲ್ಲಿ ಪ್ರಕಟಿಸಿದನು. ಇಂದು ವೈದ್ಯರು ನಮ್ಮ ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡುವ ಕ್ರಮಕ್ಕೆ ಅದೇ ಮೊದಲು. ಉಸಿರಾಡಿ ಬಿಟ್ಟ ಗಾಳಿಯನ್ನೇ ಮತ್ತೆ ಮತ್ತೆ ಉಸಿರಾಡಿದರೆ ಪ್ರಾಣಿ ಸೊರಗುತ್ತದೆಂಬುದನ್ನೂ ಅವನು ಕಂಡುಕೊಂಡನು. ನಾವು ಒಳಗೆ ಎಳೆದುಕೊಳ್ಳುವ ಗಾಳಿಯ ನೂರು ಪಾಲಿನಲ್ಲಿ ೨೧ ಪಾಲು ಆಮ್ಲಜನಕ. ಹೊರಗೆ ಬಿಡುವ ಉಸಿರಿನಲ್ಲಿ ಸುಮಾರು ೧೬ ಪಾಲು. ಇಂಗಾಲಾಮ್ಲ, ಎಂದರೆ ಕಾರ್ಬನ್ ಡೈಆಕ್ಸೈಡ್, ಇಲ್ಲವೆಂಬಷ್ಟು ಕಡಮೆ ಇದ್ದುದು ಸುಮಾರು ೪ ಪಾಲಿಗೆ ಏರಿರುತ್ತದೆ. ಈ ಅಂಕಿಗಳು ಹೇಲ್ಸನಿಗೆ ತಿಳಿದಿರಲಿಲ್ಲ. ಗಾಳಿ ಕೆಡುತ್ತದೆಂಬುದು ಮಾತ್ರ ತಿಳಿದಿತ್ತು.

೧೭೪೧ರಲ್ಲಿ ಅವನು ದೊಡ್ಡ ತಿದಿಯಂತಹ ಯಂತ್ರವನ್ನು ಮಾಡಿಸಿದನು. ಆಚಾರಿಯ ಕುಲುಮೆಯ ತಿದಿ ನಿಮಗೆ ಗೊತ್ತೇ ಇದೆ. ಅದರ ದೊಡ್ಡಣ್ಣನೆಂದು ತಿಳಿಯಿರಿ. ಜನ ಕಿಕ್ಕಿರಿದ ಹಡಗುಗಳಲ್ಲಿ, ಆಸ್ಪತ್ರೆಗಳಲ್ಲಿ, ಸೆರೆಮನೆಗಳಲ್ಲಿ ಈ ತಿದಿಗಳನ್ನು ಹೂಡಿ ಕೆಟ್ಟ ಗಾಳಿಯನ್ನು ಹೊರಡಿಸಿದರು. ಲಂಡನ್ನಿನ ನ್ಯೂಗೇಟ್ ಸೆರೆಮನೆಯಲ್ಲಿ ೧೭೫೨ರ ಸುಮಾರಿಗೆ ಮಾಡಿನ ಮೇಲೆ ಗಾಳಿಯಂತ್ರವನ್ನಿಟ್ಟು ಅದರಿಂದಲೇ ತಿದಿಯನ್ನು ಎಳೆಸಿದರು. ನಮಗೆ ಮುಖ್ಯವಾದ ಸಂಗತಿ ಇನ್ನು ಮುಂದಿದೆ. ಅದೇ ಹೇಲ್ಸನು ಅದೇ ತಿದಿಯಿಂದ ಧಾನ್ಯದ ರಾಶಿಯ ಅಡಿಯಿಂದ ಮೇಲಕ್ಕೆ ಗಾಳಿ ಊದಿ, ಧಾನ್ಯ ಬಿಸಿಯೇರದಂತೆಯೂ ಮುಗ್ಗಾಗದಂತೆಯೂ ಕಾಯಬಹುದೆಂದು ತೋರಿಸಿದನು. ಫ್ರಾನ್ಸಿನಲ್ಲಿ ದ್ಯುಹಾಮೆಲ್ ದ್ಯು ಮೊನ್ಸೋ ಎಂಬ ಕೃಷಿ ಪಂಡಿತನು ೧೭೫೩ರಲ್ಲಿ ಧಾನ್ಯ ಕಾಪಾಡುವ ವಿಚಾರವಾಗಿ ಪುಸ್ತಕ ಬರೆದು ಅದನ್ನು ಮುಂದುವರಿಸಿದನು. ರೋಗಿಯ ಕೋಣೆಗೆ ಹುಟ್ಟಿದ ಉಪಾಯ ಹತ್ತಾರು ವರ್ಷಗಳೊಳಗೆ ಕಣಜಕ್ಕೆ ಬಂದಿತು.

ತಿದಿಯ ಕಥೆಗೆ ಇನ್ನೊಂದು ಕೊಂಬೆಯುಂಟು. ನೀರಿನಲ್ಲಿ ಮುಳುಗಿದವರಿಗೆ ತಿದಿಯಿಂದ ಉಸಿರು ತುಂಬಬೇಕೆಂದು ಯೂರೋಪಿನಲ್ಲಿ ಬಹಳ ಕಾಲ ಹೇಳುತ್ತಿದ್ದರು. ೧೮೨೦ರ ದಶಕದ ಕೊನೆಗೆ ಫ್ರಾನ್ಸಿನ ವೈದ್ಯನೊಬ್ಬನು, ಬಲವಾಗಿ ಊದಿದರೆ ಶ್ವಾಸಕೋಶವೇ ಹರಿದು ಸಾವು ಬರುತ್ತದೆಂದು ತೋರಿಸಿದ ಮೇಲೆ ಆ ರೂಢಿ ನಿಂತಿತು. ಗಾಳಿಯನ್ನು ಹೆಚ್ಚು ಬಲದಿಂದ ನುಗ್ಗಿಸಿದರೆ ಹೆಚ್ಚು ಗುಣವೆಂಬುದು ಅಲ್ಲಿಯೂ ಸುಳ್ಳು, ನಮ್ಮ ಅಡಿಕೆಯ ಮನೆಯಲ್ಲಿಯೂ ಸುಳ್ಳು.

೧೯೫೨ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಪಟ್ಟಣದಲ್ಲಿ ಪೋಲಿಯೋ ಹಬ್ಬಿತು. ರೋಗಿಗಳಿಗೆ ಉಸಿರೆಳೆಯುವ ಶಕ್ತಿಯೇ ಕುಂದುತ್ತಿತ್ತು. ಆಮ್ಲಜನಕ ಕೊಟ್ಟರೂ ಹಲವರು ಸಾಯುತ್ತಿದ್ದರು. ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರು ಇದರ ಗುಟ್ಟನ್ನು ಹಿಡಿದರು. ಸಾಯಿಸುತ್ತಿದ್ದುದು ಒಳಗೆ ಬಾರದ ಗಾಳಿ ಮಾತ್ರವಲ್ಲ. ಹೊರಗೆ ಹೋಗದೆ ರಕ್ತದಲ್ಲಿ ಕೂಡುತ್ತಿದ್ದ ಇಂಗಾಲಾಮ್ಲ. ಗಂಟಲಿಗೆ ಕೊಳವೆ ಹಾಕಿ, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಉಸಿರಾಡಿಸಿದಾಗ ರೋಗಿಗಳು ಬದುಕತೊಡಗಿದರು. ಯಂತ್ರಗಳು ಸಾಕಷ್ಟಿರಲಿಲ್ಲ. ಸುಮಾರು ೧,೫೦೦ ಮಂದಿ ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಕುಳಿತು ಚೀಲ ಒತ್ತಿದರು. ಇಂದು ಆಸ್ಪತ್ರೆಯಲ್ಲಿ ಕಾಣುವ ವೆಂಟಿಲೇಟರ್ ಮಾಡುವುದು ಇದೇ ಕೆಲಸವನ್ನು.

ಇಲ್ಲಿ ನೆನಪಿಡಬೇಕಾದುದು ಚೀಲವನ್ನು ಒತ್ತಿದ್ದಷ್ಟೇ ಅಲ್ಲ, ಬಿಟ್ಟದ್ದೂ ಹೌದು. ನಾವು ಕಿಟಕಿ ಇಡುವಾಗ ಯೋಚಿಸುವುದು ಗಾಳಿ ಬರುವುದನ್ನು. ಹೋಗುವುದನ್ನು ಯೋಚಿಸುವವರು ಕಡಮೆ.

ಇನ್ನು ಹಟ್ಟಿಗೆ ಬರೋಣ. ಹಿಂದೆ ನಮ್ಮ ಹಟ್ಟಿಗಳಿಗೆ ಮುಳಿಹುಲ್ಲಿನ ಮಾಡು ಇತ್ತು, ಅನಂತರ ಹೆಂಚು ಬಂದಿತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಸೀಮೆಯೆಲ್ಲ ಹೆಂಚಿನದಾಯಿತು. ಹೆಂಚುಗಳ ಸಂದಿಯಲ್ಲಿ ಬಿಸಿಗಾಳಿ ತಾನಾಗಿ ಮೇಲಕ್ಕೆ ಸೋರಿಹೋಗುತ್ತಿತ್ತು. ಯಾರೂ ಲೆಕ್ಕ ಹಾಕದೆಯೇ ಹೊರದಾರಿ ಇತ್ತು. ಈಗ ತಗಡು ಬಂದಿದೆ, ಕಾಂಕ್ರೀಟು ಬಂದಿದೆ. ಸಂದಿ ಮುಚ್ಚಿಹೋಯಿತು. ಅದರ ಬದಲಿಗೆ ಬೇರೆ ದಾರಿಯನ್ನು ಮಾತ್ರ ನಾವು ಮಾಡಲಿಲ್ಲ. ಅದು ಸಾಲದೆಂದು ಆಟಿಯ ಮಳೆಗೆ ಸುತ್ತಲೂ ಟಾರ್ಪಾಲು ಬಿಗಿದು “ದನಕ್ಕೆ ಚಳಿಯಾಗಬಾರದು” ಎನ್ನುತ್ತೇವೆ. ದನಕ್ಕೆ ಮಳೆಯ ಎರಚಲು ಕೆಟ್ಟದ್ದು, ನಿಜ. ಆದರೆ ದೊಡ್ಡ ಮಿಶ್ರತಳಿಯ ಕರೆಯುವ ಹಸುವೊಂದು ದಿನಕ್ಕೆ ೧೦ ಲೀಟರಿಗೂ ಮೇಲ್ಪಟ್ಟು ನೀರನ್ನು ಉಸಿರಿನಿಂದಲೂ ಮೈಯಿಂದಲೂ ಆವಿಯಾಗಿ ಬಿಡುತ್ತದೆ. ನಾಲ್ಕು ಹಸುಗಳಿದ್ದರೆ ಎಷ್ಟಾಯಿತೆಂದು ನೀವೇ ಲೆಕ್ಕ ಹಾಕಿ. ಆ ನೀರು ತಗಡಿನ ಅಡಿಯಲ್ಲಿ ಹನಿಯಾಗಿ ಮತ್ತೆ ದನದ ಬೆನ್ನಿಗೇ ಬೀಳುತ್ತದೆ. ಗಂಜಳದಿಂದ ಏಳುವ ಅಮೋನಿಯ ಕರುವಿನ ಮೂಗಿನ ಮಟ್ಟದಲ್ಲೇ ನಿಲ್ಲುತ್ತದೆ. ಬೆಳಿಗ್ಗೆ ಹಟ್ಟಿಯ ಬಾಗಿಲು ತೆರೆದ ಕೂಡಲೇ ನಿಮ್ಮ ಕಣ್ಣು ಉರಿಯಿತೆಂದರೆ, ಕರು ರಾತ್ರಿಯೆಲ್ಲ ಅದನ್ನೇ ಉಸಿರಾಡಿದೆ ಎಂದರ್ಥ. ಮತ್ತೆ ಅದು ಕೆಮ್ಮುತ್ತದೆಂದು ಔಷಧಿಗೆ ಓಡುತ್ತೇವೆ.

ಹೊರದಾರಿ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಸಾಂಕ್ರಾಮಿಕ ರೋಗಿಗಳ ಕೋಣೆಯ ಗಾಳಿ ಯಾವ ಕಡೆಗೆ ಹರಿಯುತ್ತದೆಂದು ನೋಡಲು ಆಸ್ಪತ್ರೆಗಳಲ್ಲಿ ಬಾಗಿಲಿನ ಸಂದಿಯಲ್ಲಿ ಸಣ್ಣ ಹೊಗೆ ಬಿಡುತ್ತಾರೆ. ನಮಗೆ ದೇವರ ಮುಂದಿನ ಊದುಬತ್ತಿ ಸಾಕು. ಹಟ್ಟಿಯ ಒಂದೊಂದು ಕಿಂಡಿಯ ಹತ್ತಿರವೂ ಹಚ್ಚಿದ ಊದುಬತ್ತಿ ಹಿಡಿದು ನಿಲ್ಲಿ. ಹೊಗೆ ಒಳಕ್ಕೆ ಬಾಗಿದರೆ ಅದು ಒಳದಾರಿ. ಹೊರಕ್ಕೆ ಬಾಗಿದರೆ ಹೊರದಾರಿ. ಎಲ್ಲ ಕಿಂಡಿಗಳಲ್ಲೂ ಹೊಗೆ ನೆಟ್ಟಗೆ ಮೇಲೆದ್ದು ಮಾಡಿನ ಅಡಿಯಲ್ಲಿ ಹಾಸಿಕೊಂಡು ನಿಂತಿತೆಂದರೆ, ಎಷ್ಟು ಕಿಟಕಿಗಳಿದ್ದರೂ ಆ ಹಟ್ಟಿ ಮುಚ್ಚಿದ ಪೆಟ್ಟಿಗೆಯೇ ಸರಿ. ಬೈಹುಲ್ಲಿನ ಹತ್ತಿರ ಎಚ್ಚರ. ಗೋಬರ್ ಗ್ಯಾಸಿನ ತೊಟ್ಟಿಯ ಹತ್ತಿರವಂತೂ ಈ ಪರೀಕ್ಷೆ ಎಂದಿಗೂ ಕೂಡದು.

ಅಳತೆ ಬೇಕೆನ್ನುವವರಿಗೆ ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯವರು ೨೦೦೯ರಲ್ಲಿ ಆಸ್ಪತ್ರೆಗಳಿಗಾಗಿ ಕೊಟ್ಟ ಸುಲಭ ಸೂತ್ರವದು. ಎದುರುಬದುರಾಗಿ ಎರಡು ಕಿಂಡಿಗಳಿರುವ ಕೋಣೆಯಲ್ಲಿ, ಚಿಕ್ಕ ಕಿಂಡಿಯ ವಿಸ್ತೀರ್ಣವನ್ನು ಚದರ ಮೀಟರಿನಲ್ಲಿ ಹಿಡಿದು, ಅದನ್ನು ಸೆಕೆಂಡಿಗೆ ಗಾಳಿ ಬೀಸುವ ಮೀಟರಿನಿಂದ ಗುಣಿಸಿ, ಮತ್ತೆ ೦.೬೫ರಿಂದಲೂ ೩,೬೦೦ರಿಂದಲೂ ಗುಣಿಸಬೇಕು. ಬಂದುದನ್ನು ಕೋಣೆಯ ಘನ ಅಳತೆಯಿಂದ ಭಾಗಿಸಿದರೆ, ಗಂಟೆಗೆ ಎಷ್ಟು ಸಲ ಒಳಗಿನ ಗಾಳಿ ಬದಲಾಗುತ್ತದೆಂದು ತಿಳಿಯುತ್ತದೆ. ೬ ಮೀಟರ್ ಉದ್ದ, ೪ ಮೀಟರ್ ಅಗಲ, ೩ ಮೀಟರ್ ಎತ್ತರದ ಹಟ್ಟಿಯನ್ನು ತೆಗೆದುಕೊಳ್ಳಿ. ಅದು ೭೨ ಘನ ಮೀಟರ್. ಸೆಕೆಂಡಿಗೆ ಅರ್ಧ ಮೀಟರ್ ಗಾಳಿ, ಎಂದರೆ ಊದುಬತ್ತಿಯ ಹೊಗೆ ಓರೆಯಾಗುವಷ್ಟು. ಚಿಕ್ಕ ಕಿಂಡಿ ಒಂದು ಚದರ ಮೀಟರ್ ಇದ್ದರೆ ಗಂಟೆಗೆ ೧೬ ಸಲ ಗಾಳಿ ಬದಲಾಗುತ್ತದೆ. ಸಾಂಕ್ರಾಮಿಕ ರೋಗಿಯ ಕೋಣೆಗೆ ೧೨ ಸಲವೆಂದು ಹೇಳುತ್ತಾರೆ, ಅದಕ್ಕಿಂತ ಮೇಲಾಯಿತು. ಅದೇ ಕಿಂಡಿಗೆ ಗೋಣಿ ತುರುಕಿ ಹತ್ತನೆಯ ಒಂದಂಶ ಮಾತ್ರ ತೆರೆದಿಟ್ಟರೆ ಒಂದೂವರೆ ಸಲಕ್ಕೆ ಇಳಿಯುತ್ತದೆ. ಲೆಕ್ಕದಲ್ಲಿ ಹಿಡಿಯುವುದು ಚಿಕ್ಕ ಕಿಂಡಿಯನ್ನೇ ಎಂಬುದನ್ನು ಗಮನಿಸಿ. ಗಾಳಿ ಬರುವ ಕಡೆ ದೊಡ್ಡ ಬಾಗಿಲಿಟ್ಟು ಹೋಗುವ ಕಡೆ ಅಂಗೈಯಗಲದ ಕಿಂಡಿ ಬಿಟ್ಟರೆ, ಆ ದೊಡ್ಡ ಬಾಗಿಲಿನಿಂದ ಲಾಭವಿಲ್ಲ.

ಆದುದರಿಂದ ಹಟ್ಟಿಗೆ ಫ್ಯಾನು ಕೊಳ್ಳುವ ಮೊದಲು ಗೋಡೆ ನೋಡಿ. ಮಾಡಿನ ನೆತ್ತಿಯಲ್ಲಿ ಉದ್ದಕ್ಕೂ ಒಂದು ಗೇಣು ಸಂದಿ ಬಿಟ್ಟು, ಅದರ ಮೇಲೆ ಮಳೆ ಬಾರದಂತೆ ಇನ್ನೊಂದು ಸಣ್ಣ ಮಾಡು ಕೂರಿಸಿದರೆ ಬಿಸಿಗಾಳಿ ಹಗಲಿರುಳು ತಾನಾಗಿ ಹೊರಡುತ್ತದೆ, ಕರೆಂಟು ಬೇಡ. ಒಳದಾರಿಯನ್ನು ಮಲಗಿದ ಕರುವಿನ ತಲೆಗಿಂತ ಮೇಲಿಡಿ, ಥಂಡಿ ನೇರವಾಗಿ ಬಡಿಯದು. ಟಾರ್ಪಾಲನ್ನು ಮಳೆ ಬಡಿಯುವ ಪಡುವಣ ಮಗ್ಗುಲಿಗೆ ಕಟ್ಟಿ, ಮೇಲ್ಗಡೆ ಒಂದು ಮೊಳ ಬಿಟ್ಟು ಕಟ್ಟಿ.

ಒಣಗಿಸುವ ಕೆಲಸಕ್ಕೆ ಇದೇ ಪಾಠ ಇನ್ನೂ ಹೆಚ್ಚಾಗಿ ಬೇಕು. ಬಿಸಿ ಇದ್ದರೆ ಒಣಗುತ್ತದೆಂದು ನಮ್ಮ ನಂಬಿಕೆ. ಬಿಸಿಯು ನೀರನ್ನು ಆವಿ ಮಾಡುತ್ತದೆ, ಅಷ್ಟೇ. ಅದನ್ನು ಹೊತ್ತು ಹೋಗಬೇಕಾದುದು ಗಾಳಿ. ೧೦೦ ಕಿಲೋ ಹಸಿ ತೆಂಗಿನ ತಿರುಳಿನಲ್ಲಿ ಸುಮಾರು ಅರ್ಧದಷ್ಟು ನೀರೇ. ನೂರಕ್ಕೆ ೬ ಪಾಲು ತೇವಕ್ಕೆ ಇಳಿಸಿ ಕೊಬ್ಬರಿ ಮಾಡಿದಾಗ ಉಳಿಯುವುದು ೫೩ ಕಿಲೋ. ಮಿಕ್ಕ ೪೭ ಕಿಲೋ ನೀರು, ಮೂರು ನಾಲ್ಕು ಕೊಡದಷ್ಟು, ಆ ಅಟ್ಟದಿಂದ ಹೊರಗೆ ಹೋಗಬೇಕು. ಎಲ್ಲಿಂದ ಹೋಗುತ್ತದೆಂದು ಕೇಳಿಕೊಂಡಿದ್ದೀರಾ?

ಮಳೆಗಾಲದ ೨೫ ಡಿಗ್ರಿ ಗಾಳಿಯಲ್ಲಿ ಘನ ಮೀಟರಿಗೆ ಹೆಚ್ಚೆಂದರೆ ೨೩ ಗ್ರಾಂ ಆವಿ ಹಿಡಿಯುತ್ತದೆ. ಜುಲೈ ತಿಂಗಳಲ್ಲಿ ಅದು ಆಗಲೇ ೨೧ ಗ್ರಾಂ ಹೊತ್ತುಕೊಂಡು ಬಂದಿರುತ್ತದೆ; ಇನ್ನು ಎರಡು ಗ್ರಾಂ ಹಿಡಿಸುವುದೂ ಕಷ್ಟ. ಮಳೆಗಾಲದಲ್ಲಿ ಬರಿಯ ಫ್ಯಾನು ಹಾಕಿ ಅಡಿಕೆ ಒಣಗಿಸಲು ಹೊರಡುವವರು ಸೋಲುವುದು ಇದಕ್ಕೇ. ಅದೇ ಗಾಳಿಯನ್ನು ೪೫ ಡಿಗ್ರಿಗೆ ಕಾಯಿಸಿದರೆ ಅದರ ಹೊಟ್ಟೆ ೬೫ ಗ್ರಾಂ ಹಿಡಿಯುವಷ್ಟಾಗುತ್ತದೆ. ಆದರೆ ತೇವ ಹೀರುತ್ತ ಹೀರುತ್ತ ಗಾಳಿ ತಣಿಯುವುದರಿಂದ ಕೈಗೆ ಸಿಗುವ ಲಾಭ ಘನ ಮೀಟರಿಗೆ ಸುಮಾರು ೫ ಗ್ರಾಂ ಮಾತ್ರ. ಈ ಲೆಕ್ಕದಂತೆ ೪೭ ಕಿಲೋ ನೀರು ಹೊರಲು ೯,೪೦೦ ಘನ ಮೀಟರ್ ಬಿಸಿಗಾಳಿ ಬೇಕು. ಮೇಲೆ ಹೇಳಿದ ಹಟ್ಟಿಯಷ್ಟು ದೊಡ್ಡ ಕೋಣೆಯನ್ನು ೧೩೦ ಸಲ ತುಂಬಿ ಬರಿದು ಮಾಡಿದಷ್ಟು. ಹೊರದಾರಿ ಇಲ್ಲದ ಅಟ್ಟದಲ್ಲಿ ಬೆಂಕಿ ಹಾಕಿದರೆ ಕೊಬ್ಬರಿ ಒಣಗುವುದಿಲ್ಲ, ಬೇಯುತ್ತದೆ. ಮೇಲೆ ಕಪ್ಪು, ಒಳಗೆ ಹಸಿ. ನಾಲ್ಕು ದಿನಕ್ಕೆ ಬೂಸ್ಟು. ಆ ಬೂಸ್ಟಿನಲ್ಲಿ ಕೆಲವು ಜಾತಿಗಳು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಅದು ಯಕೃತ್ತಿನ ಕ್ಯಾನ್ಸರಿಗೆ ಕಾರಣವೆಂದು ಸ್ಥಿರಪಟ್ಟಿದೆ. ಬೂಸ್ಟು ಹಿಡಿದ ಕೊಬ್ಬರಿಯ ಹಿಂಡಿಯನ್ನು ದನಕ್ಕೆ ಹಾಕಿದರೆ ವಿಷದ ಒಂದಂಶ ಹಾಲಿಗೂ ಬರುತ್ತದೆ.

ಅಡಿಕೆಯದೂ ಅದೇ ಮಾತು. ೧೯೫೬ರಲ್ಲಿ ನಮ್ಮ ವಿಟ್ಲದಲ್ಲೇ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. ಈ ಬೆಳೆಯ ವಿಷಯ ಹೇಳಿಕೊಡಲು ದೂರದವರು ಬೇಕಿಲ್ಲ. ಚಾಲಿ ಮಾಡಲು ಹಣ್ಣಡಿಕೆಗೆ ಸುಮಾರು ೪೦ ದಿನದ ಬಿಸಿಲು ಬೇಕಷ್ಟೆ. ಅಕಾಲ ಮಳೆಗೆ ಹೆದರಿ ಈಗ ಹಲವರು ಪ್ಲಾಸ್ಟಿಕ್ ಹಾಳೆಯ ಮಾಡು ಕಟ್ಟಿಕೊಂಡಿದ್ದಾರೆ. ಉಪಾಯ ಒಳ್ಳೆಯದೇ. ಆದರೆ ನಾನು ನೋಡಿದ ಮನೆಗಳಲ್ಲಿ ಅರ್ಧಕ್ಕರ್ಧ ಕಡೆ ಬೆಳಗಿನ ಜಾವ ಹಾಳೆಯ ಒಳಮಗ್ಗುಲಲ್ಲಿ ನೀರಿನ ಹನಿಗಳು ಸಾಲುಗಟ್ಟಿ, ಅಡಿಕೆಯ ಮೇಲೆ ತೊಟ್ಟಿಕ್ಕುತ್ತಿದ್ದವು. ನಿನ್ನೆ ಹಗಲು ಅಡಿಕೆ ಬಿಟ್ಟ ನೀರು ರಾತ್ರಿ ಅಡಿಕೆಗೇ ಮರಳಿತು! ಅಂತಹ ಮನೆಯ ಎರಡು ತುದಿಗಳಲ್ಲಿಯೂ ಎತ್ತರದಲ್ಲಿ ಕಿಂಡಿ ಬೇಕು. ಬುಡದಲ್ಲಿ ಒಂದು ಗೇಣು ಹಾಳೆ ಎತ್ತಿ ಕಟ್ಟಬೇಕು. ಅಡಿಕೆಯನ್ನು ನೆಲಕ್ಕೆ ಹರಡದೆ ತಟ್ಟಿಯ ಮೇಲೆ ಹರಡಿದರೆ ಹೇಲ್ಸನ ತಿದಿಯಂತೆ ಗಾಳಿ ಕೆಳಗಿನಿಂದ ಮೇಲಕ್ಕೆ ಹಾಯುತ್ತದೆ. ಇಡೀ ಮಾಡನ್ನೇ ತೆರೆದಿಟ್ಟರೆ ಇನ್ನೂ ಲೇಸಲ್ಲವೇ ಎಂದರೆ, ಅಲ್ಲ. ಆಗ ಬಿಸಿಯೂ ಹಾರಿಹೋಗುತ್ತದೆ. ಹದ ಬೇಕು. ಬೀಜದ ಭತ್ತವನ್ನು ಬಿಸಿಗಾಳಿಯಲ್ಲಿ ಒಣಗಿಸುವವರು ೪೩ ಡಿಗ್ರಿ ಮೀರಬಾರದು, ಮೊಳಕೆ ಸಾಯುತ್ತದೆ.

ಬೆಳ್ತಂಗಡಿ ಕಡೆಯ ರಬ್ಬರ್ ಬೆಳೆಗಾರರಿಗೆ ಇದು ಹೊಸದಲ್ಲ. ಹೊಗೆಮನೆಗೆ ಹಸಿ ಹಾಳೆ ಹಾಕಿದ ಮೊದಲ ದಿನ ಮೇಲಿನ ಕಿಂಡಿಗಳನ್ನು ಪೂರ್ತಿ ತೆರೆದು ನೀರನ್ನು ಬಿಟ್ಟುಕೊಟ್ಟು, ಅನಂತರವೇ ಕಿಂಡಿ ಕಿರಿದು ಮಾಡಿ ಬಿಸಿಯೇರಿಸುವ ಕ್ರಮವನ್ನು ಅವರು ಬಲ್ಲರು. ಅವಸರಕ್ಕೆ ಮೊದಲ ದಿನವೇ ಮುಚ್ಚಿದವರ ಹಾಳೆಯಲ್ಲಿ ಗುಳ್ಳೆಗಳೇಳುತ್ತವೆ.

ಮೂಡಬಿದಿರೆ ಕಡೆಯ ಮಹಿಳೆಯರೊಬ್ಬರು, ಅಡಿಕೆ ಸುಲಿದ ದಿನ ರಾತ್ರಿಯೆಲ್ಲ ಕೆಮ್ಮು ಬರುತ್ತದೆಂದು ನನ್ನಲ್ಲಿ ಹೇಳಿದರು. ಧಾನ್ಯ ಜರಡಿ ಹಿಡಿಯುವವರ ಉಬ್ಬಸದ ವಿಚಾರ ಇಟಲಿಯ ರಾಮಾಝಿನಿ ಎಂಬ ವೈದ್ಯನು ೧೭೦೦ರಲ್ಲೇ ಬರೆದಿಟ್ಟಿದ್ದಾನೆ. ಬೂಸ್ಟು ಹಿಡಿದ ಹುಲ್ಲಿನ ಧೂಳಿನಿಂದ ಬರುವ ರೋಗಕ್ಕೆ ವೈದ್ಯರು ರೈತನ ಶ್ವಾಸಕೋಶವೆಂದೇ ಹೆಸರಿಟ್ಟಿದ್ದಾರೆ. ಇದಕ್ಕೆ ಖರ್ಚಿಲ್ಲದ ಉಪಾಯವನ್ನು ಕ್ಷಯರೋಗದ ಆಸ್ಪತ್ರೆಯಿಂದ ತರಬಹುದು. ಅಲ್ಲಿ ವೈದ್ಯರು ಕುಳಿತುಕೊಳ್ಳುವಾಗ ಗಾಳಿ ತಮ್ಮ ಬೆನ್ನ ಕಡೆಯಿಂದ ಬಂದು, ರೋಗಿಯನ್ನು ದಾಟಿ, ಆಚೆಯ ಕಿಟಕಿಯಿಂದ ಹೊರಗೆ ಹೋಗುವಂತೆ ಕುರ್ಚಿ ಹಾಕಿಕೊಳ್ಳುತ್ತಾರೆ. ಸುಲಿಯುವವರೂ ಗಾಳಿಗೆ ಬೆನ್ನು ಓರೆ ಮಾಡಿ ಕುಳಿತುಕೊಳ್ಳಲಿ. ಸಿಪ್ಪೆಯ ರಾಶಿ ಎದುರಿಗೆ, ಗಾಳಿ ಹೋಗುವ ಕಡೆಗೆ ಇರಲಿ. ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು. ಅವರು ಮರುವಾರ ಹಾಗೆ ಕುಳಿತು ನೋಡಿದರಂತೆ. ಕೆಮ್ಮು ಕಡಮೆಯಾಯಿತೆಂದರು, ಪೂರ್ತಿ ಹೋಗಲಿಲ್ಲವೆಂದೂ ಹೇಳಿದರು.

ಊದುವುದೋ, ಎಳೆಯುವುದೋ ಎಂದು ಕೆಲವರು ಕೇಳುತ್ತಾರೆ. ಇದಕ್ಕೂ ಆಸ್ಪತ್ರೆಯಲ್ಲಿ ನಿಯಮವಿದೆ. ಶಸ್ತ್ರಕ್ರಿಯೆಯ ಕೋಣೆಗೆ ಶುದ್ಧ ಗಾಳಿಯನ್ನು ಊದುತ್ತಾರೆ. ಹೊರಗಿನ ಕೊಳೆ ಒಳಗೆ ಬಾರದು. ಸಾಂಕ್ರಾಮಿಕ ರೋಗಿಯ ಕೋಣೆಯಿಂದ ಗಾಳಿಯನ್ನು ಎಳೆದು ಹೊರಗೆ ಬಿಡುತ್ತಾರೆ. ಒಳಗಿನ ಕೊಳೆ ಪಡಸಾಲೆಗೆ ಬಾರದು. ಅಡಿಗೆಮನೆಯ ಹೊಗೆಗೆ ಎಳೆಯುವುದೇ ಸರಿ. ಚಿಮಿಣಿ ಮಾಡುವ ಕೆಲಸ ಅದೇ. ಬಾವಿಗೆ ಮಾತ್ರ ಊದಬೇಕು. ಏಕೆಂದು ಹೇಳುತ್ತೇನೆ.

ಇಂಗಾಲಾಮ್ಲ ಸಾಧಾರಣ ಗಾಳಿಗಿಂತ ಒಂದೂವರೆ ಪಾಲು ಭಾರ. ಮುಚ್ಚಿಟ್ಟ ಬಾವಿಯಲ್ಲಿ ಎಲೆ ಕೊಳೆತು, ಮಣ್ಣು ಉಸಿರಾಡಿ, ಆಮ್ಲಜನಕ ಕಡಮೆಯಾಗಿ ಇಂಗಾಲಾಮ್ಲ ತಳದಲ್ಲಿ ನೀರಿನಂತೆ ನಿಲ್ಲುತ್ತದೆ. ಬಾವಿಗೆ ಮೇಲೊಂದೇ ಬಾಯಿ. ಬುಡದ ಗಾಳಿಗೆ ಹೊರದಾರಿಯಿಲ್ಲ. ಆಮ್ಲಜನಕ ನೂರಕ್ಕೆ ೧೬ ಅಥವಾ 17 ಪಾಲಿಗೆ ಇಳಿದಾಗ ದೀಪ ಆರುತ್ತದೆ. ೧೦ಕ್ಕಿಂತ ಕೆಳಗಿಳಿದರೆ ಮನುಷ್ಯ ಎಚ್ಚರ ತಪ್ಪುತ್ತಾನೆ. ೬ಕ್ಕೆ ಇಳಿದರೆ ಕೆಲವೇ ನಿಮಿಷ. ಏದುಸಿರು ಬರುವವರೆಗೆ ಕಾದು ಮೇಲೆ ಬರುತ್ತೇನೆಂಬ ಧೈರ್ಯ ಬೇಡ. ಕೈಕಾಲು ಮೊದಲೇ ಸೋಲುತ್ತವೆ.

ದೀಪ ಆರಿದರೆ ಇಳಿಯಲೇಬಾರದು. ಆದರೆ ದೀಪ ಉರಿದರೆ ಇಳಿಯಬಹುದೆಂದು ಅರ್ಥವಲ್ಲ. ಪಂಪಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ದೀಪವೂ ಅದನ್ನು ತೋರಿಸದು. ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸುವುದು ಸಾವನ್ನು ಕರೆದಂತೆ. ಸಗಣಿ, ಕೊಚ್ಚೆಗಳಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ಆಗ ವಾಸನೆ ಹೋಯಿತೆಂದು ಮನುಷ್ಯ ಮೋಸ ಹೋಗುತ್ತಾನೆ. ಮೀಥೇನ್ ಇದ್ದಲ್ಲಿ ದೀಪವೇ ಸಿಡಿತಕ್ಕೆ ಕಾರಣ. ಆದ್ದರಿಂದ ಗೋಬರ್ ಗ್ಯಾಸಿನ ತೊಟ್ಟಿಗೂ ಶೌಚದ ಗುಂಡಿಗೂ ದೀಪವೂ ಬೇಡ, ಮನುಷ್ಯನೂ ಬೇಡ. ರಕ್ಷಣೆಯಿಲ್ಲದೆ ಶೌಚದ ಗುಂಡಿಗೆ ಆಳನ್ನು ಇಳಿಸುವುದು ೨೦೧೩ರ ಕಾಯಿದೆಯಂತೆ ಅಪರಾಧವೂ ಹೌದು.

ನಮ್ಮ ಸುರಂಗ ತೋಡುವವರು ಈ ವಿದ್ಯೆಯನ್ನು ಬಲ್ಲವರು. ಬಂಟ್ವಾಳದ ತೆಂಕಣ ಹಳ್ಳಿಗಳಿಂದ ಕಾಸರಗೋಡಿನ ಗುಡ್ಡಗಳವರೆಗೆ ಮುರಕಲ್ಲಿನಲ್ಲಿ ಅಡ್ಡಲಾಗಿ ಕೊರೆದ ಸುರಂಗಗಳು ಇಂದಿಗೂ ನೀರು ಕೊಡುತ್ತಿವೆ. ತೋಡುವಾಗ ಬದಿಯಲ್ಲಿ ದೀಪವಿಡುತ್ತಾರೆ. ದೀಪ ಕುಂದಿತೆಂದರೆ ಹಾರೆ ಇಟ್ಟು ಹೊರಬರುತ್ತಾರೆ. ಸುರಂಗ ಉದ್ದವಾದರೆ ಮೇಲಿನಿಂದ ಗಾಳಿಗಾಗಿಯೇ ಒಂದು ಬಾವಿ ಕೊರೆಯುವುದುಂಟು. ಅಳಿಕೆಯ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡ ಕೊರೆದು, ಹಲವು ಸುರಂಗಗಳು ವ್ಯರ್ಥವಾದ ಮೇಲೂ ಬಿಡದೆ ನೀರು ತಂದು ತೋಟ ಮಾಡಿದುದಕ್ಕೆ ೨೦೨೨ರಲ್ಲಿ ಪದ್ಮಶ್ರೀ ಬಂದಿತು. ಆ ನೀರಿನ ಹಿಂದೆ ಗುಡ್ಡದ ಹೊಟ್ಟೆಯಲ್ಲಿ ಉಸಿರು ಕಾದುಕೊಂಡ ವಿವೇಕವೂ ಇದೆ.

ಬಾವಿಗೆ ಊದಬೇಕಾದ ಕಾರಣ ಇದು: ಹೀರುವ ಯಂತ್ರವಾದರೆ ಒಳಗಿನ ಅನಿಲವೆಲ್ಲ ಮೋಟರನ್ನು ಹಾದು ಬರಬೇಕು, ಕಿಡಿ ತಗುಲಬಹುದು. ಊದುವ ಯಂತ್ರ ಮೇಲೆಯೇ ಶುದ್ಧ ಗಾಳಿಯಲ್ಲಿರುತ್ತದೆ. ಅದಕ್ಕೆ ಉದ್ದನೆಯ ಕೊಳವೆ ಜೋಡಿಸಿ, ಕೊಳವೆಯ ಬಾಯಿ ನೀರಿನಿಂದ ಒಂದು ಮೊಳ ಮೇಲಿರುವಂತೆ ಇಳಿಸಬೇಕು. ಬಾವಿಯ ಬಾಯಿಯನ್ನು ಹಲಗೆಯಿಂದ ಮುಚ್ಚಬಾರದು, ಅದೇ ಹೊರದಾರಿ. ೨ ಮೀಟರ್ ಅಗಲ, ೧೨ ಮೀಟರ್ ಆಳದ ಬಾವಿಯಲ್ಲಿ ೩೮ ಘನ ಮೀಟರ್ ಗಾಳಿ ಹಿಡಿಯುತ್ತದೆ. ನಿಮಿಷಕ್ಕೆ ೫ ಘನ ಮೀಟರ್ ಊದುವ ಯಂತ್ರಕ್ಕೆ ಒಂದು ಸಲ ತುಂಬಲು ಎಂಟು ನಿಮಿಷ ಸಾಕು. ಆದರೆ ಹೊಸ ಗಾಳಿ ಹಳೆಯದರೊಡನೆ ಬೆರೆಯುವುದರಿಂದ, ಒಂದು ಸಲ ತುಂಬಿದ ಮೇಲೂ ಹಳೆಯದರಲ್ಲಿ ನೂರಕ್ಕೆ ೩೭ ಪಾಲು ಉಳಿದಿರುತ್ತದೆ. ನಾಲ್ಕು ಸಲ ತುಂಬಿದ ಮೇಲೆ ೨ ಪಾಲು. ಆದುದರಿಂದ ಅರ್ಧ ಗಂಟೆಗೆ ಕಡಮೆಯಿಲ್ಲದಂತೆ ಊದಿ, ಆಳು ಕೆಳಗಿರುವಷ್ಟು ಹೊತ್ತೂ ನಿಲ್ಲಿಸದೆ ಊದುತ್ತಿರಬೇಕು. ಔಷಧಿ ಸಿಂಪಡಿಸಿದ ಯಂತ್ರವನ್ನು ಇದಕ್ಕೆ ಬಳಸಬೇಡಿ. ಸಿಲಿಂಡರಿನ ಆಮ್ಲಜನಕವನ್ನೂ ಬಿಡಬೇಡಿ, ಸಣ್ಣ ಕಿಡಿಗೂ ಭುಗಿಲೇಳುತ್ತದೆ. ಅನಿಲ ಅಳೆಯುವ ಮಾಪಕ ದೊರೆತರೆ ಅದಕ್ಕಿಂತ ಒಳ್ಳೆಯ ದೀಪವಿಲ್ಲ.

ಇಳಿಯುವವರ ಎದೆಗೆ ಹಗ್ಗ ಕಟ್ಟಿರಬೇಕು; ಮೇಲೆ ಎಳೆಯಬಲ್ಲ ಇಬ್ಬರಿರಬೇಕು. ಕೆಳಗಿದ್ದವರು ಮಾತು ನಿಲ್ಲಿಸಿದರೆ ಎಳೆಯಿರಿ, ಹಿಂದೆಯೇ ಧುಮುಕಬೇಡಿ. ಇಂತಹ ಇಕ್ಕಟ್ಟಿನ ಸ್ಥಳಗಳಲ್ಲಿ ಸತ್ತವರಲ್ಲಿ ನೂರಕ್ಕೆ ೬೦ಕ್ಕೂ ಹೆಚ್ಚು ಮಂದಿ ಇತರರನ್ನು ಉಳಿಸಲು ಇಳಿದವರೇ ಎಂದು ಅಮೇರಿಕದ ಕಾರ್ಮಿಕರ ಆರೋಗ್ಯ ಸಂಸ್ಥೆ ೧೯೮೬ರಲ್ಲಿ ಎಚ್ಚರಿಸಿತು. ಅಣ್ಣನ ಹಿಂದೆ ತಮ್ಮ, ತಮ್ಮನ ಹಿಂದೆ ನೆರೆಯವನು, ಹೀಗೆ. ೧೧೨ಕ್ಕೆ ಫೋನು ಮಾಡಿ. ಅಗ್ನಿಶಾಮಕದವರ ಬಳಿ ಉಸಿರಿನ ಸಿಲಿಂಡರುಗಳಿರುತ್ತವೆ. ಅವರು ಬರುವವರೆಗೆ ಊದುವುದನ್ನು ನಿಲ್ಲಿಸಬೇಡಿ.

ಆ ಹಿರಿಯರ ಬಾವಿಯಲ್ಲಿ ಮರುದಿನ ಬೆಳಿಗ್ಗೆ ಬಾಡಿಗೆಗೆ ತಂದ ಊದುವ ಯಂತ್ರವನ್ನು ಮುಕ್ಕಾಲು ಗಂಟೆ ಓಡಿಸಿದೆವು. ಲಾಟೀನು ನೀರಿನವರೆಗೂ ಉರಿಯುತ್ತ ಹೋಗಿ ಉರಿಯುತ್ತಲೇ ಮೇಲೆ ಬಂದಿತು. ಹಿರಿಯರು ಅದನ್ನು ಎರಡು ಸಲ ಇಳಿಸಿ ನೋಡಿ, ಎದೆಗೆ ಹಗ್ಗ ಬಿಗಿಸಿಕೊಂಡು, ಹುಡುಗರ ಕೈಗೆ ಇನ್ನೊಂದು ತುದಿ ಕೊಟ್ಟು ಇಳಿದರು. ಮಧ್ಯಾಹ್ನದ ಗಂಜಿಯ ಹೊತ್ತಿಗೆ ಮೂವತ್ತು ಬುಟ್ಟಿ ಕೆಸರು ಮೇಲೆ ಬಂದಿತ್ತು.